ದೊನ್ನೆಯಂತೆ ಹೊಲಿದ ದೋಣಿ

ಮುಂಗಾರಿನ ಮೊದಲ ಮಳೆ ಬಿದ್ದು ಅಂಗಳದಲ್ಲಿ ನೀರು ಹರಿಯತೊಡಗಿದಾಗ ಕಾಗದದ ದೋಣಿಯನ್ನು ಮಾಡಿ ತೇಲಿಬಿಡದ ಮಕ್ಕಳು ನಮ್ಮ ನಾಡಿನಲ್ಲಿ ಇರಲಾರರು. ಆ ದೋಣಿಗೆ ಬಡಗಿಯ ನೆರವು ಬೇಕಿಲ್ಲ. ಒಂದು ಹಾಳೆ, ನಾಲ್ಕಾರು ಮಡಿಕೆ, ಅಷ್ಟೇ ಸಾಕು. ಆದರೆ ಅದರಲ್ಲಿ ಇರುವೆಯಲ್ಲದೆ ಬೇರೆ ಪ್ರಯಾಣಿಕರು ಕುಳಿತುಕೊಳ್ಳುವಂತಿಲ್ಲ. ಇಬ್ಬರು ಮನುಷ್ಯರು ಕುಳಿತು ಕೆರೆಯ ಆಚೆಯ ದಡವನ್ನು ಮುಟ್ಟಿಬರಬಹುದಾದಂಥ ಮರದ ದೋಣಿಯನ್ನು, ಆ ಕಸುಬಿನಲ್ಲಿ ಹುಟ್ಟಿ ಬೆಳೆಯದ ಸಾಮಾನ್ಯನೊಬ್ಬನು ರಜೆಯ ದಿನಗಳಲ್ಲಿ ತನ್ನ ಮನೆಯ ಹಿತ್ತಿಲಲ್ಲೇ ಕಟ್ಟುವುದು ಸಾಧ್ಯವೆ?

ಸಾಧ್ಯವೆಂಬುದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ. 1963ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ‘ಮಿರರ್’ ಎಂಬ ಒಂದೇ ನಮೂನೆಯ ದೋಣಿಗಳು 70,000ಕ್ಕೂ ಹೆಚ್ಚು ನಿರ್ಮಾಣವಾಗಿವೆ. ಅವುಗಳಲ್ಲಿ ಎಷ್ಟೋ ದೋಣಿಗಳು ಹುಟ್ಟಿದ್ದು ಮನೆಯ ಮೋಟಾರುಕೊಟ್ಟಿಗೆಗಳಲ್ಲಿ, ಶಾಲೆಯ ಮರಗೆಲಸದ ಕೋಣೆಗಳಲ್ಲಿ. ಕಟ್ಟಿದವರು ಗುಮಾಸ್ತರು, ಅಧ್ಯಾಪಕರು, ವಿದ್ಯಾರ್ಥಿಗಳು. ಇವರೆಲ್ಲರ ಕೈಗೆ ಇದ್ದಕ್ಕಿದ್ದಂತೆ ಬಡಗಿಯ ಚಾತುರ್ಯ ಬಂದುಬಿಟ್ಟಿತೆ? ಖಂಡಿತ ಇಲ್ಲ. ಬದಲಾದುದು ಮನುಷ್ಯನ ಕೈಯಲ್ಲ; ಹಲಗೆ ಮತ್ತು ಅಂಟು. ಇವೆರಡರ ಜೊತೆಗೆ, ರೇಖಾಗಣಿತದ ಒಂದು ಸರಳವಾದ ಉಪಾಯವೂ ಸೇರಿಕೊಂಡಿತು. ಈ ಉಪಾಯ ಏನೆಂಬುದನ್ನೂ, ಹೀಗೆ ಕಟ್ಟಿದ ದೋಣಿ ನಮ್ಮನ್ನು ನೀರಿನ ಮೇಲೆ ಏಕೆ ಹೊರುತ್ತದೆ, ಯಾವಾಗ ಹೊರದೆ ಕೈಬಿಡುತ್ತದೆ ಎಂಬುದನ್ನೂ ಇಲ್ಲಿ ವಿವೇಚಿಸೋಣ. ಎರಡನೆಯ ಪ್ರಶ್ನೆ ಪ್ರಾಣಕ್ಕೆ ಸಂಬಂಧಿಸಿದುದಾದ್ದರಿಂದ ಅದನ್ನು ಲಘುವಾಗಿ ನೋಡುವಂತಿಲ್ಲ.

ಹಲಗೆಯ ಹಟ

ಹಿಂದಿನ ದೋಣಿ ಕಸುಬುದಾರನ ಕೈಚಳಕದ ಮೇಲೆಯೇ ನಿಂತಿತ್ತು. ಕರಾವಳಿಯಲ್ಲಿ ಮಾವಿನಂಥ ದಪ್ಪ ಮರದ ದಿಮ್ಮಿಯನ್ನು ಬಾಚಿಯಿಂದ ಕೆತ್ತಿ ಒಂಟಿಮರದ ದೋಣಿಯನ್ನು ಮಾಡುತ್ತಿದ್ದರು. ತುಂಗಭದ್ರೆಯಲ್ಲಿ ಬಿದಿರಿನ ಬುಟ್ಟಿಗೆ ಚರ್ಮವನ್ನು ಹೊದಿಸಿದ ಹರಿಗೋಲು ಓಡಾಡುತ್ತಿತ್ತು. ದೊಡ್ಡ ದೋಣಿಗಳಿಗಾದರೆ ತೇಗ, ಹೆಬ್ಬಲಸು ಮುಂತಾದ ಮರಗಳ ಹಲಗೆಗಳೇ ಬೇಕು. ಹಲಗೆಯ ದೋಣಿಯ ಕಷ್ಟವೆಲ್ಲ ಇರುವುದು ಸಂದಿನಲ್ಲಿ. ಒಂದು ಹಲಗೆಯ ಅಂಚು ಪಕ್ಕದ ಹಲಗೆಯ ಅಂಚಿಗೆ ಕೂದಲೆಳೆಯಷ್ಟೂ ಎಡೆಯಿಲ್ಲದಂತೆ ಕೂಡಬೇಕು. ಆ ಅಂಚಿನ ಓರೆಯಾದರೋ ದೋಣಿಯ ಮೂತಿಯಿಂದ ಹಿಂಬದಿಯವರೆಗೆ ಅಂಗುಲ ಅಂಗುಲಕ್ಕೂ ಬದಲಾಗುತ್ತದೆ. ಹತ್ತಾರು ವರ್ಷ ಉಜ್ಜುಗೊರಡು ಹಿಡಿದ ಕೈಗೆ ಮಾತ್ರ ಇದು ಒಲಿಯುವ ವಿದ್ಯೆ.

ಇಷ್ಟು ಮಾಡಿದರೂ ಮರ ಸುಮ್ಮನಿರುವುದಿಲ್ಲ. ಹಸಿಮರ ಪೂರ್ತಿಯಾಗಿ ಒಣಗಿದಾಗ ಅದು ನಾರಿನ ಉದ್ದಕ್ಕೆ ಕುಗ್ಗುವುದು ಸಾವಿರಕ್ಕೆ ಒಂದೆರಡು ಪಾಲು ಮಾತ್ರ; ಆದರೆ ನಾರಿಗೆ ಅಡ್ಡಲಾಗಿ ನೂರಕ್ಕೆ ಐದು, ಎಂಟು ಪಾಲು ಕುಗ್ಗುವುದುಂಟು. ಎಂದರೆ 20 ಸೆಂಟಿಮೀಟರು ಅಗಲದ ಹಲಗೆ ಅಗಲದಲ್ಲಿ ಒಂದು ಸೆಂಟಿಮೀಟರಿನಷ್ಟು ಕಡಿಮೆಯಾಗಬಹುದು. ಆದುದರಿಂದಲೇ ಬೇಸಿಗೆಯಲ್ಲಿ ದಡಕ್ಕೆಳೆದಿಟ್ಟ ಹಲಗೆಯ ದೋಣಿ ಸಂದು ಬಿಡುವುದು. ಮತ್ತೆ ನೀರಿಗಿಳಿಸಿದ ಮೊದಲ ದಿನ ಸೋರಿ, ಮರ ನೆನೆದು ಉಬ್ಬಿದ ಮೇಲೆ ತಾನೇ ಮುಚ್ಚಿಕೊಳ್ಳುವುದು.

ಪ್ಲೈವುಡ್ಡು ಈ ಹಟವನ್ನು ಮುರಿಯಿತು. ದಿಮ್ಮಿಯನ್ನು ಯಂತ್ರದಲ್ಲಿ ತಿರುಗಿಸುತ್ತ, ಸುರುಳಿ ಸುತ್ತಿದ ಚಾಪೆಯನ್ನು ಬಿಚ್ಚಿದಂತೆ ಅದರಿಂದ ತೆಳುವಾದ ಪದರವನ್ನು ಸುಲಿದು ತೆಗೆಯುತ್ತಾರೆ. ಇಂಥ ಮೂರು ಅಥವಾ ಐದು ಪದರಗಳನ್ನು, ಒಂದರ ನಾರು ಉದ್ದಕ್ಕೂ ಮುಂದಿನದರ ನಾರು ಅಡ್ಡಕ್ಕೂ ಬರುವಂತೆ ಜೋಡಿಸಿ ಅಂಟಿನಿಂದ ಒತ್ತಿ ಕೂಡಿಸಿದರೆ ಪ್ಲೈವುಡ್ಡಾಯಿತು. ಒಂದು ಪದರ ಅಗಲದಲ್ಲಿ ಕುಗ್ಗಲು ಹೊರಟರೆ ನೆರೆಯ ಪದರದ ಉದ್ದನಾರು ಅದನ್ನು ತಡೆದು ನಿಲ್ಲಿಸುತ್ತದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಇಡಿಯ ಹಾಳೆಯೇ ದೊರೆಯುವುದರಿಂದ ಸಂದುಗಳ ಸಂಖ್ಯೆಯೂ ಬಹಳ ಕಡಿಮೆಯಾಗುತ್ತದೆ.

ಆದರೆ ಅಂಗಡಿಯಲ್ಲಿ ಸಿಕ್ಕುವ ಪ್ಲೈವುಡ್ಡೆಲ್ಲವೂ ದೋಣಿಗೆ ಸಲ್ಲುವುದಿಲ್ಲ. ಪೆಟ್ಟಿಗೆ ಕಪಾಟುಗಳಿಗೆ ಬಳಸುವ ಅಗ್ಗದ ಹಲಗೆಯ ಅಂಟು ನೀರಿನಲ್ಲಿ ಬಿಟ್ಟುಕೊಳ್ಳುತ್ತದೆ. ನಮ್ಮ ದೇಶದಲ್ಲಿ ದೋಣಿಯ ಪ್ಲೈವುಡ್ಡಿಗೆಂದೇ ‘ಐ.ಎಸ್. 710’ ಎಂಬ ಮಾನಕವಿದೆ. ಅದರ ಪ್ರಕಾರ ಹಲಗೆಯ ತುಂಡು 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಪದರ ಬಿಡಬಾರದು. ಅಂಗಡಿಯವನ ಮುದ್ರೆಯನ್ನು ನಂಬುವುದಕ್ಕಿಂತ ಅಂಗೈಯಗಲದ ತುಂಡೊಂದನ್ನು ತಂದು, ಕೆಲವು ಗಂಟೆ ಕುದಿಸಿ, ಬಿಸಿಲಿಗೆ ಒಣಗಿಸಿ, ಮತ್ತೆ ಕುದಿಸಿ ನೋಡುವುದು ಲೇಸು. ಹಲಗೆಯ ಒಳಪದರಗಳಲ್ಲಿ ಟೊಳ್ಳುಗಳಿವೆಯೆ ಎಂಬುದೂ ಆ ತುಂಡಿನ ಅಂಚಿನಿಂದಲೇ ತಿಳಿಯುತ್ತದೆ.

ಕಡಲೆಕಾಯಿಯ ಪೊಟ್ಟಣವೂ ಗೌಸನೂ

ಈಗ ರೇಖಾಗಣಿತಕ್ಕೆ ಬರೋಣ. ಒಂದು ಕಾಗದವನ್ನು ತೆಗೆದುಕೊಂಡು ಸುರುಳಿ ಮಾಡಿ, ಕಷ್ಟವಿಲ್ಲದೆ ಬಾಗುತ್ತದೆ. ಸಂತೆಯಲ್ಲಿ ಕಡಲೆಕಾಯಿ ಮಾರುವವನು ಅದನ್ನೇ ಓರೆಯಾಗಿ ಸುತ್ತಿ ಪೊಟ್ಟಣ ಮಾಡಿಕೊಡುತ್ತಾನೆ, ಅದೂ ಸುಲಭವೇ. ಆದರೆ ಆ ಕಾಗದವನ್ನು ಒಂದು ತೆಂಗಿನಕಾಯಿಯ ಮೇಲೆ ಸುಕ್ಕಿಲ್ಲದಂತೆ ಹೊದಿಸಿರಿ ನೋಡೋಣ! ಎಷ್ಟು ಜಾಣರಾದರೂ ಆಗದು. ಚಪ್ಪಟೆಯಾದ ಹಾಳೆಯನ್ನು ಹಿಗ್ಗಿಸದೆ, ಕುಗ್ಗಿಸದೆ, ಹರಿಯದೆ ಒಂದು ದಿಕ್ಕಿನಲ್ಲಿ ಬಾಗಿಸಬಹುದೇ ಹೊರತು ಏಕಕಾಲದಲ್ಲಿ ಎರಡು ದಿಕ್ಕುಗಳಲ್ಲಿ ಬಾಗಿಸಲಾಗದು. ಇದರ ಹಿಂದಿರುವ ಪ್ರಮೇಯವನ್ನು ಜರ್ಮನಿಯ ಗಣಿತಜ್ಞ ಗೌಸನು 1827ರಲ್ಲಿ ಸಾಧಿಸಿದನು. ಗೋಳವಾದ ಭೂಮಿಯ ನಕ್ಷೆಯನ್ನು ಚಪ್ಪಟೆ ಹಾಳೆಯ ಮೇಲೆ ತಪ್ಪಿಲ್ಲದೆ ಬರೆಯಲಾಗದೆಂಬುದೂ ಇದರಿಂದಲೇ ಸಿದ್ಧಿಸುತ್ತದೆ.

ಪ್ಲೈವುಡ್ಡೂ ಕಾಗದದ ಜಾತಿಯೇ. ಅದನ್ನು ಕೊಳವೆಯ ಮೈಯಂತೆ ಅಥವಾ ಪೊಟ್ಟಣದ ಮೈಯಂತೆ ಬಾಗಿಸಬಹುದು, ಅಷ್ಟೇ. ಹಾಗಾದರೆ ಮೀನಿನ ಹೊಟ್ಟೆಯಂತೆ ಎಲ್ಲ ಕಡೆಯಲ್ಲಿಯೂ ಉಬ್ಬಿದ ದೋಣಿಯ ಒಡಲನ್ನು ಅದರಿಂದ ಪಡೆಯುವ ಬಗೆ ಹೇಗೆ?

ಇದಕ್ಕೆ ಉತ್ತರ ನಮ್ಮ ಊಟದೆಲೆಯ ಪಕ್ಕದಲ್ಲಿಯೇ ಇದೆ. ಮುತ್ತುಗದ ಎಲೆ ಚಪ್ಪಟೆಯಾಗಿರುತ್ತದೆ. ಅದರ ಅಂಚುಗಳನ್ನು ಒಂದರ ಮೇಲೊಂದು ತಂದು ಕಡ್ಡಿಯಿಂದ ಚುಚ್ಚಿ ಹಿಡಿದೊಡನೆ ಅದು ಸಾರು ಪಾಯಸಗಳನ್ನು ಹಿಡಿಯುವ ದೊನ್ನೆಯಾಗುತ್ತದೆ. ಎಲೆಯ ಮೈಯನ್ನು ಯಾರೂ ತಿದ್ದಲಿಲ್ಲ. ಅಂಚನ್ನು ಸೇರಿಸಿದುದರಿಂದಲೇ ಮೈಗೆ ಆಕಾರ ಬಂದಿತು. ಮನೆಯಲ್ಲಿ ಕಟ್ಟುವ ದೋಣಿಯ ಗುಟ್ಟು ಇಷ್ಟೇ. ಒಡಲಿನ ತಿರುವುಗಳೆಲ್ಲವೂ ಹಲಗೆಯ ಅಂಚಿನ ಗೆರೆಯಲ್ಲಿ ಅಡಗಿವೆ.

ವಾಚಕರು ಇದನ್ನು ಮೇಜಿನ ಮೇಲೆಯೇ ಪರೀಕ್ಷಿಸಬಹುದು. ದಪ್ಪ ರಟ್ಟುಕಾಗದದಲ್ಲಿ 30 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಎರಡು ಪಟ್ಟಿಗಳನ್ನು ಕತ್ತರಿಸಿ. ಪ್ರತಿಯೊಂದರ ಒಂದು ಉದ್ದಂಚನ್ನು ಬಿಲ್ಲಿನಂತೆ ನಯವಾಗಿ ಸವರಬೇಕು. ನಡುವೆ ಪೂರ್ತಿ ಅಗಲ ಉಳಿದು, ಎರಡು ತುದಿಗಳಲ್ಲಿ ಅಂಚು 2 ಸೆಂ.ಮೀ. ಒಳಸರಿದಿರಬೇಕು. ಎರಡು ಪಟ್ಟಿಗಳ ಬಿಲ್ಲಂಚುಗಳನ್ನು ಎದುರುಬದುರಾಗಿ ಮೇಜಿನ ಮೇಲಿಟ್ಟರೆ ಅವು ನಡುವೆ ಮಾತ್ರ ಮುಟ್ಟುತ್ತವೆ. ತುದಿಗಳಲ್ಲಿ 4 ಸೆಂ.ಮೀ. ಎಡೆಯಿರುತ್ತದೆ. ನಡುವೆ ಒಂದು ತುಂಡು ಅಂಟುಪಟ್ಟಿ ಹಚ್ಚಿ, ಅಲ್ಲಿಂದ ಎರಡೂ ತುದಿಗಳ ಕಡೆಗೆ ಅಂಚಿಗೆ ಅಂಚನ್ನು ಸೇರಿಸುತ್ತ ಹೋಗಿ. ಎಡೆ ಮುಚ್ಚಬೇಕಾದರೆ ಪಟ್ಟಿಗಳು ಮೇಜನ್ನು ಬಿಟ್ಟು ಮೇಲೇಳಲೇಬೇಕು. ನಿಮ್ಮ ಕಣ್ಣೆದುರಿಗೇ ದೋಣಿಯ ತಳ ಮೂಡಿಬರುತ್ತದೆ; ತುದಿಗಳು ಬಾಳೆಯ ಹಣ್ಣಿನಂತೆ ಮೇಲಕ್ಕೆ ಬಾಗುತ್ತವೆ. ಇನ್ನೂ ಒಂದು ವಿಶೇಷವುಂಟು. ಈಗ ಎರಡು ಪಟ್ಟಿಗಳ ಹೊರ ಅಂಚುಗಳನ್ನು ಹಿಡಿದು ಅಗಲಿಸಿದರೆ ಆಕಾರ ಚಪ್ಪಟೆಯಾಗುತ್ತದೆ, ಒತ್ತಿದರೆ ಕಿರಿದಾಗಿ ತುದಿಗಳ ಬಾಗು ಬದಲಾಗುತ್ತದೆ. ಎಂದರೆ ಅಂಚಿನ ಗೆರೆಯ ಜೊತೆಗೆ ನಡುವಿನ ಅಗಲವನ್ನೂ ಗೊತ್ತುಪಡಿಸಿದರೆ ಮಾತ್ರ ಆಕಾರ ನಿಶ್ಚಿತವಾಗುತ್ತದೆ. ನಿಜವಾದ ದೋಣಿಯಲ್ಲಿ ಈ ಕೆಲಸಕ್ಕೆಂದು ಒಂದೆರಡು ಅಡ್ಡಹಲಗೆಗಳಿರುತ್ತವೆ.

ರಟ್ಟಿನ ಈ ತಳವನ್ನು ಬೆರಳಿನಿಂದ ಒತ್ತಿ ನೋಡಿದರೆ ಮೊದಲಿಗಿಂತ ಎಷ್ಟೋ ಪಾಲು ಗಟ್ಟಿಯಾಗಿರುವುದು ಗೊತ್ತಾಗುತ್ತದೆ. ಬಾಗಿದ ಹಾಳೆಯನ್ನು ಇನ್ನೊಂದು ದಿಕ್ಕಿನಲ್ಲಿ ಬಾಗಿಸುವುದು ಕಷ್ಟವೆಂಬ ಗೌಸನ ನಿಯಮವೇ ಇಲ್ಲಿ ನಮ್ಮ ಪಾಲಿಗೆ ವರವಾಗಿದೆ. ಆದುದರಿಂದ ಹಳೆಯ ದೋಣಿಗಳಂತೆ ಪಕ್ಕೆಲುಬುಗಳ ಸಾಲು ಇಲ್ಲದೆಯೇ, ಐದಾರು ಮಿಲಿಮೀಟರು ದಪ್ಪದ ಹಲಗೆಯಿಂದ ಗಟ್ಟಿಯಾದ ಒಡಲು ಸಿದ್ಧವಾಗುತ್ತದೆ.

ಅಡಿಗೆಮನೆಯ ಕಪಾಟಿನಿಂದ ನೀರಿಗೆ

ಪ್ಲೈವುಡ್ಡಿನಿಂದ ಪುಟ್ಟ ದೋಣಿಯನ್ನು ಕಟ್ಟುವ ಯೋಚನೆ ಮಿರರ್‌ಗಿಂತ ಹಳೆಯದು. 1947ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ ಕ್ಲಾರ್ಕ್ ಮಿಲ್ಸ್ ಎಂಬ ದೋಣಿಗಾರನು ಮಕ್ಕಳಿಗಾಗಿ ‘ಆಪ್ಟಿಮಿಸ್ಟ್’ ಎಂಬ ಹಾಯಿದೋಣಿಯನ್ನು ರಚಿಸಿದನು. ಎಂಟಡಿಯ ಹಲಗೆಯಿಂದಲೇ ಅದು ಹೊರಡಬೇಕಾಗಿದ್ದುದರಿಂದ ಅದರ ಉದ್ದ 7 ಅಡಿ 9 ಅಂಗುಲಕ್ಕೆ ನಿಂತಿತು. ನೋಡಲು ಹಿಟ್ಟು ಕಲಸುವ ಮರಿಗೆಯಂತಿದೆಯೆಂದು ಯಾರಾದರೂ ನಕ್ಕರೆ ಅವರನ್ನು ಆಕ್ಷೇಪಿಸುವಂತಿಲ್ಲ. ಆದರೆ ಇಂದು ಜಗತ್ತಿನ ನಾನಾ ದೇಶಗಳಲ್ಲಿ ಮಕ್ಕಳು ಹಾಯಿವಿದ್ಯೆಯ ಅಕ್ಷರಾಭ್ಯಾಸವನ್ನು ಮಾಡುವುದು ಅದರಲ್ಲಿಯೇ. ಆಪ್ಟಿಮಿಸ್ಟಿನ ಮೂಲೆಗಳಲ್ಲಿ ಇನ್ನೂ ಮರದ ರೀಪುಗಳಿದ್ದುವು; ಹಲಗೆಯನ್ನು ಓರೆ ಹಿಡಿದು ರೀಪಿಗೆ ಕೂಡಿಸುವ ಬಡಗಿಗೆಲಸ ಬೇಕಾಗಿತ್ತು.

ಆ ರೀಪನ್ನೂ ತೆಗೆದುಹಾಕಿದ ವಿಧಾನವನ್ನು ಇಂಗ್ಲೆಂಡಿನ ಕೆನ್ ಲಿಟಲ್‌ಡೈಕ್ ಎಂಬವರು ಮೊದಲು ಕಿರುದೋಣಿಗಳಿಗೆ ಬಳಸಿದರು. ಹಲಗೆಗಳ ಅಂಚಿನುದ್ದಕ್ಕೂ ಸಣ್ಣ ತೂತುಗಳನ್ನು ಕೊರೆದು, ತಾಮ್ರದ ತಂತಿಯನ್ನು ಪೋಣಿಸಿ, ಇಕ್ಕಳದಿಂದ ತಿರುಚಿ ಬಿಗಿಯುವುದು. ಆಮೇಲೆ ಸಂದಿಗೆ ಗಾಜಿನ ನಾರಿನ ಪಟ್ಟಿಯನ್ನು ಹಾಸಿ ರಾಳದ ಅಂಟಿನಿಂದ ತೋಯಿಸುವುದು. ಇದೇ ‘ಹೊಲಿದು ಅಂಟಿಸುವ’ ವಿಧಾನ. ಅಂಚುಗಳು ಕರಾರುವಾಕ್ಕಾಗಿ ಕೂಡಬೇಕೆಂಬ ನಿರ್ಬಂಧವೇ ಇಲ್ಲಿಲ್ಲ. ಒಂದೆರಡು ಮಿಲಿಮೀಟರಿನ ಎಡೆ ಉಳಿದರೆ ಅಂಟು ಅದನ್ನು ತುಂಬಿಕೊಳ್ಳುತ್ತದೆ. ಕಸುಬುದಾರನ ಹತ್ತು ವರ್ಷದ ಅಭ್ಯಾಸಕ್ಕೆ ಬದಲಾಗಿ ಬಂದದ್ದು ಈ ಔದಾರ್ಯ.

ಬ್ಯಾರಿ ಬಕ್ನೆಲ್ ಎಂಬವರು ಆಗ ಬಿ.ಬಿ.ಸಿ. ದೂರದರ್ಶನದಲ್ಲಿ ಮನೆಯ ರಿಪೇರಿ ಕೆಲಸಗಳನ್ನು ಜನರಿಗೆ ಕಲಿಸಿಕೊಡುತ್ತಿದ್ದರು. ಕಪಾಟು ಬಾಗಿಲುಗಳನ್ನು ಮಾಡಬಲ್ಲವನು ದೋಣಿಯನ್ನೂ ಮಾಡಬಲ್ಲನೆಂದು ಅವರಿಗೆ ತೋರಿತು. ಅವರ ಹೊಲಿಗೆಯ ವಿಧಾನಕ್ಕೆ ದೋಣಿಗಳ ರಚನೆಯಲ್ಲಿ ನುರಿತ ಜ್ಯಾಕ್ ಹೋಲ್ಟರ ರೇಖೆಗಳು ಸೇರಿದುವು; ‘ಡೇಲಿ ಮಿರರ್’ ಪತ್ರಿಕೆ ತನ್ನ ಹೆಸರನ್ನೂ ಪ್ರಚಾರವನ್ನೂ ಕೊಟ್ಟಿತು. 1963ರ ಜನವರಿಯಲ್ಲಿ ಲಂಡನ್ನಿನ ದೋಣಿ ಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟರು. ಕತ್ತರಿಸಿದ ಹಲಗೆ, ತಂತಿ, ಅಂಟು, ಹಾಯಿ ಎಲ್ಲವೂ ಕೂಡಿದ ಪೆಟ್ಟಿಗೆಯ ಬೆಲೆ 63 ಪೌಂಡು 11 ಷಿಲಿಂಗು. ಉದ್ದ 10 ಅಡಿ 10 ಅಂಗುಲ, ಎಂದರೆ 3.3 ಮೀಟರು, ಅಗಲ 1.39 ಮೀಟರು, ಬರಿಯ ಒಡಲಿನ ತೂಕ 45 ಕಿಲೋಗ್ರಾಮಿನಷ್ಟು. ಹಾಯಿಯ ಬಣ್ಣ ಕೆಂಪು. ಮೂತಿ ಚೂಪಾಗಿರದೆ ಕತ್ತರಿಸಿದಂತೆ ಚಪ್ಪಟೆಯಾಗಿದೆ. ಇದು ಸುಂದರವೆಂದು ನಾವು ಹೇಳಲಾರೆವು. ಆದರೆ ಚೂಪಾದ ಮೂತಿಗೆ ಹಲಗೆಯನ್ನು ತೀರ ತಿರುಚಿ ಬಾಗಿಸಬೇಕಾಗುತ್ತದೆಂಬುದನ್ನು ನೆನೆದರೆ ರಚನಕಾರರ ವಿವೇಕಕ್ಕೆ ತಲೆದೂಗಬೇಕಾಗುತ್ತದೆ. ಹಾಯಿಕಂಬವನ್ನೂ ಎರಡು ತುಂಡುಗಳಾಗಿ ಮಾಡಿ, ದೋಣಿಯ ಒಡಲಿನೊಳಗೇ ಮಲಗಿಸಿ, ಎಲ್ಲವನ್ನೂ ಮೋಟಾರುಕಾರಿನ ನೆತ್ತಿಯ ಮೇಲೆ ಸಾಗಿಸುವಂತೆ ಏರ್ಪಡಿಸಿದ್ದರು.

ಇಂಥ ಪುಟ್ಟ ದೋಣಿಗಳ ಯೋಗ್ಯತೆಯನ್ನು ಕುರಿತು ಸಂಶಯಪಡುವವರು ಮಕಿನನ್ ಎಂಬ ಅಧ್ಯಾಪಕರ ಸಾಹಸವನ್ನು ನೆನೆಯಬಹುದು. 1990ರ ದಶಕದ ಕೊನೆಯಲ್ಲಿ ಅವರು ಒಂದು ಹಳೆಯ ಮಿರರ್ ದೋಣಿಯಲ್ಲಿ ಇಂಗ್ಲೆಂಡಿನ ಒಳನಾಡಿನಿಂದ ಹೊರಟು, ನದಿ ಕಾಲುವೆಗಳಲ್ಲಿ ಸಾಗಿ, ಇಂಗ್ಲಿಷ್ ಕಡಲ್ಗಾಲುವೆಯನ್ನೂ ದಾಟಿ, ಡಾನ್ಯೂಬ್ ನದಿಯ ಮಾರ್ಗವಾಗಿ ಕಪ್ಪು ಸಮುದ್ರವನ್ನು ಮುಟ್ಟಿದರು. ಇದು ಎಲ್ಲರೂ ಅನುಸರಿಸತಕ್ಕ ಮೇಲ್ಪಂಕ್ತಿಯೆಂದು ನಮ್ಮ ಅಭಿಪ್ರಾಯವಲ್ಲ.

ನಾರಿನ ಹೊಲಿಗೆ, ತಂತಿಯ ಹೊಲಿಗೆ

ದೋಣಿಯನ್ನು ಹೊಲಿಯುವುದು ಇಂಗ್ಲೆಂಡಿನವರ ಹೊಸ ಶೋಧವೇನೂ ಅಲ್ಲ. ಅರಬ್ಬೀ ಸಮುದ್ರದ ಎರಡು ದಡಗಳಲ್ಲಿಯೂ ಶತಮಾನಗಳ ಕಾಲ ಹಡಗಿನ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. 13ನೆಯ ಶತಮಾನದಲ್ಲಿ ಪಾರಸೀಕ ಕೊಲ್ಲಿಯ ಹೊರ್ಮುಜ್ ಬಂದರಿಗೆ ಬಂದ ಮಾರ್ಕೋ ಪೋಲೋ ಮೊಳೆಯಿಲ್ಲದ ಈ ಹಡಗುಗಳನ್ನು ಕಂಡು ಬಹಳ ತಾತ್ಸಾರದಿಂದ ಬರೆದಿದ್ದಾನೆ. ಅದೇ ಹಳೆಯ ವಿದ್ಯೆಯಿಂದ, ಅಜಂತೆಯ ಚಿತ್ರವೊಂದರಲ್ಲಿ ಕಾಣುವ 5ನೆಯ ಶತಮಾನದ ಹಡಗನ್ನು ಆಧಾರವಾಗಿಟ್ಟುಕೊಂಡು, ಕೇರಳದ ಕುಶಲಕರ್ಮಿಗಳು ನಮ್ಮ ಕಾಲದಲ್ಲಿ ಒಂದು ಹಡಗನ್ನು ಹೊಲಿದರು. ‘ಕೌಂಡಿನ್ಯ’ ಎಂಬ ಹೆಸರಿನ ಆ ಹಡಗನ್ನು 2025ರ ಮೇ 21ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲಿ ಭಾರತದ ನೌಕಾಪಡೆಗೆ ಸೇರಿಸಿಕೊಳ್ಳಲಾಯಿತು.

ಎರಡು ಹೊಲಿಗೆಗಳಿಗೂ ಒಂದು ಮುಖ್ಯವಾದ ಭೇದವಿದೆ. ನಾರಿನ ಹೊಲಿಗೆ ಹಡಗಿನ ಆಯುಷ್ಯವಿಡೀ ಭಾರವನ್ನು ತಾನೇ ಹೊರುತ್ತದೆ. ಅಲೆ ಬಡಿದಾಗ ಅದು ತುಸು ಬಳುಕಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಆದರೆ ಕಾಲಕಾಲಕ್ಕೆ ಅದನ್ನು ಬಿಚ್ಚಿ ಹೊಸದಾಗಿ ಹೊಲಿಯಬೇಕು. ತಂತಿಯ ಹೊಲಿಗೆಯಾದರೋ ದರ್ಜಿಯು ಹಾಕುವ ಕಚ್ಚಾ ಹೊಲಿಗೆಯಂತೆ. ಅಂಟು ಗಟ್ಟಿಯಾಗುವವರೆಗೆ ಹಲಗೆಗಳನ್ನು ಹಿಡಿದಿಟ್ಟರೆ ಅದರ ಕೆಲಸ ತೀರಿತು. ಹೊರಗೆ ಚಾಚಿದ ತಂತಿಯನ್ನು ಕತ್ತರಿಸಿ ಉಜ್ಜಿಬಿಡುತ್ತಾರೆ. ಅಲ್ಲಿಂದ ಮುಂದೆ ದೋಣಿಯ ಬಲವೆಲ್ಲ ಅಂಟಿನದು.

ಈ ಅಂಟನ್ನು ಕುರಿತು ಎರಡು ಮಾತು ಹೇಳಲೇಬೇಕು. ಮಿರರ್ ದೋಣಿಯ ಮೊದಲ ಪೆಟ್ಟಿಗೆಗಳಲ್ಲಿ ಪಾಲಿಯೆಸ್ಟರ್ ರಾಳವಿರುತ್ತಿತ್ತು. 1970ರ ದಶಕದಿಂದೀಚೆಗೆ, ಮುಖ್ಯವಾಗಿ ಅಮೆರಿಕದ ಮಿಷಿಗನ್ ಪ್ರಾಂತದ ಗೂಜನ್ ಸಹೋದರರ ಪ್ರಯತ್ನದಿಂದ, ಮರವನ್ನು ಇನ್ನೂ ಬಿಗಿಯಾಗಿ ಹಿಡಿಯುವ ಎಪಾಕ್ಸಿ ರಾಳ ದೋಣಿಕಟ್ಟುವವರಲ್ಲಿ ಪ್ರಚಾರಕ್ಕೆ ಬಂದಿತು. ಇದು ಎರಡು ದ್ರವಗಳ ಜೋಡಿ. ಬೆರಸಿದೊಡನೆ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಂತೆ ಹೆಣೆದುಕೊಳ್ಳುತ್ತವೆ; ಆಗ ಶಾಖ ಹುಟ್ಟುತ್ತದೆ. ಶಾಖದಿಂದ ಕ್ರಿಯೆ ಇನ್ನೂ ಚುರುಕಾಗುತ್ತದೆ. ಸ್ಥೂಲವಾಗಿ ಉಷ್ಣತೆ 10 ಡಿಗ್ರಿ ಏರಿದರೆ ವೇಗ ಇಮ್ಮಡಿಯಾಗುತ್ತದೆಯೆನ್ನಬಹುದು. ಆದ್ದರಿಂದ ಮಂಗಳೂರಿನ ಏಪ್ರಿಲ್ ತಿಂಗಳಲ್ಲಿ ಆಳವಾದ ಡಬ್ಬಿಯ ತುಂಬ ರಾಳವನ್ನು ಕಲಸಿಟ್ಟರೆ ಅದು ಕೈಗೆ ಬರುವ ಮೊದಲೇ ಹೊಗೆಯಾಡಿ ಕಲ್ಲಾದೀತು. ಅಗಲವಾದ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕಲಸುವುದೇ ಜಾಣತನ. ಬೇಗ ಗಟ್ಟಿಯಾಗಲೆಂದು ಎರಡನೆಯ ದ್ರವವನ್ನು ಹೆಚ್ಚಾಗಿ ಹಾಕುವುದು ಶುದ್ಧ ಮೂರ್ಖತನ. ಕೊಂಡಿಗೆ ಜೊತೆ ಸಿಕ್ಕದ ಅಣುಗಳು ಹಾಗೆಯೇ ಉಳಿದು ಅಂಟು ಎಂದೆಂದಿಗೂ ಮೆತ್ತಗಿರುತ್ತದೆ. ಈ ರಾಳ ಚರ್ಮಕ್ಕೆ ಪದೇ ಪದೇ ತಗಲಿದರೆ ಮೈಗೆ ಒಗ್ಗದಿರುವ ತುರಿಕೆಯ ರೋಗ ಹತ್ತಿಕೊಳ್ಳುತ್ತದೆ; ಒಮ್ಮೆ ಹತ್ತಿತೆಂದರೆ ಬಹುಮಟ್ಟಿಗೆ ಬಿಡದು. ಕೈಗವಸು ಹಾಕಿಕೊಳ್ಳಬೇಕು, ಗಟ್ಟಿಯಾದ ಅಂಟನ್ನು ಉಜ್ಜುವಾಗ ಮೂಗು ಬಾಯಿ ಮುಚ್ಚಿಕೊಳ್ಳಬೇಕು. ತೆರೆದ ಹಜಾರದಲ್ಲಿ ಕೆಲಸ ಮಾಡುವುದು ಉತ್ತಮ.

ದೋಣಿ ಏಕೆ ಮಗುಚುತ್ತದೆ?

ಮರ ನೀರಿಗಿಂತ ಹಗುರ, ಆದ್ದರಿಂದ ಮರದ ದೋಣಿ ತೇಲುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಇದು ಅರ್ಧಸತ್ಯ. ಮರದ ಕೋಶಗಳ ಗೋಡೆಯೊಂದನ್ನೇ ತೂಗಿದರೆ ಅದು ನೀರಿಗಿಂತ ಒಂದೂವರೆ ಪಟ್ಟು ಭಾರ. ಕೋಶಗಳಲ್ಲಿ ಅಡಗಿರುವ ಗಾಳಿಯಿಂದ ಮರ ತೇಲುತ್ತದೆ; ದೋಣಿಯ ಹೊಟ್ಟೆಯಲ್ಲಿರುವ ಗಾಳಿಯಿಂದ ನಾವು ತೇಲುತ್ತೇವೆ. ಒಡಲು 45 ಕಿಲೋ, ಕಂಬ ಹಾಯಿ ಚುಕ್ಕಾಣಿಗಳಿಗೆ 20 ಕಿಲೋ, ತಲಾ 60 ಕಿಲೋ ತೂಗುವ ಇಬ್ಬರು, ಒಟ್ಟು 185 ಕಿಲೋ ಎಂದಿಟ್ಟುಕೊಳ್ಳೋಣ. ಆರ್ಕಿಮಿಡೀಸನ ತತ್ತ್ವದಂತೆ ದೋಣಿ 185 ಲೀಟರು ನೀರನ್ನು ಪಕ್ಕಕ್ಕೆ ತಳ್ಳಬೇಕು. ನೀರಿನ ಮಟ್ಟದಲ್ಲಿ ದೋಣಿಯ ವಿಸ್ತಾರ ಎರಡೂವರೆ ಚದರ ಮೀಟರಾದರೆ ಪ್ರತಿಯೊಂದು ಸೆಂಟಿಮೀಟರು ಮುಳುಗಿದಾಗಲೂ 25 ಲೀಟರು ಸರಿಯುತ್ತದೆ. ಎಂದರೆ ಏಳೂವರೆ ಸೆಂಟಿಮೀಟರು ಮುಳುಗಿದರೆ ಸಾಕು! ಇನ್ನೊಬ್ಬ ಗೆಳೆಯ ಹತ್ತಿದರೂ ಎರಡೂವರೆ ಸೆಂಟಿಮೀಟರು ಹೆಚ್ಚಾದೀತು, ಅಷ್ಟೇ.

ಈ ಲೆಕ್ಕ ಮನಸ್ಸಿಗೆ ಹಿತವಾಗಿದೆ. ಅಪಾಯ ಇರುವುದೂ ಇಲ್ಲಿಯೇ. ಸಣ್ಣ ದೋಣಿಗಳಲ್ಲಿ ಅನಾಹುತವಾಗುವುದು ಬಹುಮಟ್ಟಿಗೆ ಭಾರದಿಂದ ಮುಳುಗಿಯಲ್ಲ, ಮಗುಚಿ.

ದೋಣಿ ತುಸು ವಾಲಿದಾಗ ವಾಲಿದ ಪಕ್ಕ ಹೆಚ್ಚು ನೀರನ್ನು ತಳ್ಳುತ್ತದೆ. ನೀರು ಮೇಲಕ್ಕೆ ನೂಕುವ ಬಲದ ಕೇಂದ್ರ ಆ ಕಡೆಗೆ ಸರಿಯುತ್ತದೆ. ಅಲ್ಲಿಂದ ನೆಟ್ಟಗೆ ಮೇಲಕ್ಕೆಳೆದ ಗೆರೆ ದೋಣಿಯ ನಡುಗೆರೆಯನ್ನು ಒಂದು ಬಿಂದುವಿನಲ್ಲಿ ಕೂಡುತ್ತದೆ. ಇದಕ್ಕೆ ಮೆಟಾಸೆಂಟರ್ ಎಂದು ಹೆಸರು. ತೊಟ್ಟಿಲು ತೂಗುಹಾಕಿದ ಕೊಕ್ಕೆಯಂತೆ ಈ ಬಿಂದುವನ್ನು ಭಾವಿಸಬಹುದು. ದೋಣಿಯ ಹಾಗೂ ಜನರ ಒಟ್ಟು ಗುರುತ್ವಕೇಂದ್ರ ಈ ಕೊಕ್ಕೆಗಿಂತ ಕೆಳಗಿರುವವರೆಗೆ ದೋಣಿ ತಾನಾಗಿಯೇ ನೇರವಾಗುತ್ತದೆ. ಮೇಲೆ ಹೋಯಿತೆಂದರೆ ಮಗುಚುತ್ತದೆ.

ಕೊಕ್ಕೆಯ ಎತ್ತರ ದೋಣಿಯ ಅಗಲದ ಘನವನ್ನು ಅನುಸರಿಸುತ್ತದೆಂಬುದು ಈ ಲೇಖನದ ಮುಖ್ಯ ಸಂಖ್ಯೆಗಳ ತಾಯಿಬೇರು. ಎರಡೂವರೆ ಮೀಟರು ಉದ್ದ, ಒಂದು ಮೀಟರು ಅಗಲದ ಪೆಟ್ಟಿಗೆಯೆಂದು ನಮ್ಮ ದೋಣಿಯನ್ನು ಭಾವಿಸಿ, ಉದ್ದವನ್ನು ಅಗಲದ ಘನದಿಂದ ಗುಣಿಸಿ, 12ರಿಂದಲೂ ತಳ್ಳಿದ ನೀರಿನ ಗಾತ್ರವಾದ 0.185 ಘನ ಮೀಟರಿನಿಂದಲೂ ಭಾಗಿಸಿದರೆ 1.13 ಮೀಟರು ಬರುತ್ತದೆ. ನಿಜವಾದ ದೋಣಿ ತುದಿಗಳಲ್ಲಿ ಕಿರಿದಾಗುವುದರಿಂದ ಇದರಲ್ಲಿ ಮೂರನೆಯ ಒಂದು ಪಾಲನ್ನು ಕಳೆಯೋಣ. ಕೊಕ್ಕೆ ತಳದಿಂದ ಸುಮಾರು 80 ಸೆಂ.ಮೀ. ಎತ್ತರದಲ್ಲಿದೆಯೆಂದಾಯಿತು. ಇಬ್ಬರೂ ಕುಳಿತಿದ್ದರೆ ಒಟ್ಟು ಗುರುತ್ವಕೇಂದ್ರ ಹೆಚ್ಚುಕಡಿಮೆ 40 ಸೆಂ.ಮೀ. ಎತ್ತರದಲ್ಲಿರುತ್ತದೆ, 40 ಸೆಂ.ಮೀ. ಅಂತರ ನಮ್ಮ ಕೈಯಲ್ಲಿದೆ. ಆಗ ಒಬ್ಬನು ಪಕ್ಕಕ್ಕೆ 30 ಸೆಂ.ಮೀ. ಸರಿದರೆ ದೋಣಿ ಸುಮಾರು 14 ಡಿಗ್ರಿ ವಾಲುತ್ತದೆ. ಇಬ್ಬರೂ ಎದ್ದು ನಿಂತರೆ ಗುರುತ್ವಕೇಂದ್ರ 70 ಸೆಂ.ಮೀ.ಗೆ ಏರಿ ಅಂತರ 10 ಸೆಂ.ಮೀ.ಗೆ ಇಳಿಯುತ್ತದೆ. ಛಾಯಾಚಿತ್ರಕ್ಕಾಗಿ ಎದ್ದು ನಿಂತು ಒಂದು ಹೆಜ್ಜೆ ಪಕ್ಕಕ್ಕಿಟ್ಟವನು ನೀರಿಗೆ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಇನ್ನು ಹಲಗೆಯನ್ನು ಉಳಿಸಲೆಂದೋ ದೋಣಿ ಚೆಂದವಾಗಿ ಕಾಣಲೆಂದೋ ಅಗಲವನ್ನು 100ರಿಂದ 80 ಸೆಂ.ಮೀ.ಗೆ ಇಳಿಸಿದಿರಿ ಎನ್ನಿ. 0.8ರ ಘನ 0.51, ಕೊಕ್ಕೆ 43 ಸೆಂ.ಮೀ.ಗೆ ಇಳಿದುಬಿಡುತ್ತದೆ. ಸುಮ್ಮನೆ ಕುಳಿತಾಗಲೂ ಉಳಿಯುವ ಅಂತರ ಮೂರೇ ಸೆಂಟಿಮೀಟರು! ಕಿರಿದಾದ ದೋಣಿಗಳಲ್ಲಿ ತಳದ ಮೇಲೆಯೇ ಕಾಲುಚಾಚಿ ಕೂರುವ ಪದ್ಧತಿ ಏಕಿದೆಯೆಂಬುದು ಇದರಿಂದ ವಿಶದವಾಗುತ್ತದೆ. ಅನುಭವಿಗಳು ರಚಿಸಿದ ನಕ್ಷೆಯನ್ನು ತಮ್ಮ ಇಚ್ಛೆಗೆ ತಕ್ಕಂತೆ ತಿದ್ದುವವರು ಈ ಘನವನ್ನು ಮರೆಯದಿರಲಿ.

ಮಗುಚಿದ ಮೇಲೆ ಏನಾಗುತ್ತದೆ? 45 ಕಿಲೋ ಪ್ಲೈವುಡ್ಡಿನ ಗಾತ್ರ ಸುಮಾರು 75 ಲೀಟರು. ಆದ್ದರಿಂದ ನೀರು ತುಂಬಿದ ಒಡಲು ತಾನು ತೇಲುವುದಲ್ಲದೆ 30 ಕಿಲೋ ಭಾರವನ್ನು ಹೊರಬಲ್ಲದು. ಹಿಡಿದುಕೊಂಡು ತೇಲಲು ಇದು ಸಾಕು, ಆದರೆ ಒಳಗೆ ಕುಳಿತು ನೀರನ್ನು ಹೊರಚೆಲ್ಲಲು ಸಾಲದು. ಅದಕ್ಕಾಗಿ ಎರಡು ಪಕ್ಕಗಳಲ್ಲಿಯೂ ಮುಂದುಗಡೆಯೂ ಒಟ್ಟು 150ರಿಂದ 200 ಲೀಟರು ಗಾಳಿ ಹಿಡಿಯುವ ಮುಚ್ಚಿದ ಕೋಣೆಗಳನ್ನು ಕಟ್ಟಬೇಕು. ಒಂದೇ ದೊಡ್ಡ ಕೋಣೆಗಿಂತ ಬೇರೆ ಬೇರೆ ಕೋಣೆಗಳು ಮೇಲು. ಒಂದು ಸೋರಿದರೂ ಉಳಿದವು ಕಾಯುತ್ತವೆ. ಮಿರರ್ ದೋಣಿಯಲ್ಲಿ ಇಂಥ ಕೋಣೆಗಳೇ ಕೂರುವ ಪೀಠಗಳೂ ಆಗಿವೆ. ಇವು ಎಷ್ಟೇ ಚೆನ್ನಾಗಿದ್ದರೂ ತೇಲುಕವಚವನ್ನು ತೊಡದೆ, ಈಜು ಬಾರದೆ, ಒಬ್ಬಂಟಿಯಾಗಿ ನೀರಿಗಿಳಿಯುವುದು ಸರ್ವಥಾ ಸಲ್ಲದು.

ಎಲ್ಲಿಂದ ಪ್ರಾರಂಭಿಸಬೇಕು?

ಮೊದಲನೆಯ ದೋಣಿಯೇ ದೊಡ್ಡದಾಗಿರಲೆಂಬ ಆಸೆಯಿಂದ ಕೆಟ್ಟವರು ಬಹಳ. ಒಳಮನೆಯಲ್ಲಿ ಕಟ್ಟಿದ ದೋಣಿ ಬಾಗಿಲಿನಿಂದ ಹೊರಬಾರದೆ ಗೋಡೆಯನ್ನು ಒಡೆಯಬೇಕಾಯಿತೆಂಬ ಹಾಸ್ಯ ಹಲವು ದೇಶಗಳಲ್ಲಿ ಪ್ರಚಾರದಲ್ಲಿದೆ. ಬಾಗಿಲನ್ನು ಮೊದಲು ಅಳೆಯಿರಿ. ಆಮೇಲೆ, ಆಯ್ದುಕೊಂಡ ನಕ್ಷೆಯನ್ನು ಹತ್ತನೆಯ ಒಂದು ಅಳತೆಗೆ ಇಳಿಸಿ ರಟ್ಟಿನಲ್ಲಿ ಮಾದರಿಯನ್ನು ಹೊಲಿಯಿರಿ. ಇಲ್ಲಿ ಒಂದು ಸ್ವಾರಸ್ಯವಿದೆ. ಉದ್ದ ಹತ್ತನೆಯ ಒಂದಾದರೆ ಗಾತ್ರ ಸಾವಿರದ ಒಂದಾಗುತ್ತದೆ. ಆದ್ದರಿಂದ 185 ಕಿಲೋ ದೋಣಿಯನ್ನು ಪ್ರತಿನಿಧಿಸಲು ಮಾದರಿಯ ಒಟ್ಟು ತೂಕ 185 ಗ್ರಾಮಿರಬೇಕು. ಮೇಣ ಸವರಿದ ರಟ್ಟಿನ ಒಡಲಿನಲ್ಲಿ 60 ಗ್ರಾಮಿನ ಎರಡು ಭಾರಗಳನ್ನು ಜನರೆಂದು ಇಟ್ಟು, ಉಳಿದುದನ್ನು ಮರಳಿನಿಂದ ಸರಿತೂಗಿಸಿ, ಪ್ರಯೋಗಶಾಲೆಯ ತೊಟ್ಟಿಯಲ್ಲಿ ತೇಲಿಬಿಟ್ಟರೆ ಮೇಲಿನ ಲೆಕ್ಕಗಳನ್ನೆಲ್ಲ ಅಳೆದು ನೋಡಬಹುದು. ನಮ್ಮ ತರಗತಿಗಳಲ್ಲಿ ಆರ್ಕಿಮಿಡೀಸನನ್ನು ಕಿರೀಟದ ಕತೆಯಲ್ಲಿ ಮುಗಿಸಿಬಿಡುವುದಕ್ಕಿಂತ ಇದು ಎಷ್ಟೋ ಮೇಲೆಂದು ನಮಗನ್ನಿಸುತ್ತದೆ.

ನಿಜವಾದ ದೋಣಿಗೆ ಗರಗಸ, ಬೈರಿಗೆ, ಇಕ್ಕಳ, ಉಜ್ಜುಗೊರಡು ಇಷ್ಟು ಉಪಕರಣಗಳು ಸಾಕು. ನಾಲ್ಕಾರು ವಿದ್ಯಾರ್ಥಿಗಳು ಸೇರಿ, ಮರಗೆಲಸ ಬಲ್ಲ ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ಕೆಲಸಕ್ಕೆ ತೊಡಗಿದರೆ ಕೆಲವು ತಿಂಗಳುಗಳ ಭಾನುವಾರಗಳಲ್ಲಿ ಮುಗಿಸಬಹುದು. ಕತ್ತರಿಸಿದ ಅಂಚುಗಳಿಗೆ ಮೂರು ಸಲ ರಾಳವನ್ನು ಕುಡಿಸುವುದನ್ನು ಮಾತ್ರ ಮರೆಯಬಾರದು. ಪ್ಲೈವುಡ್ಡಿಗೆ ನೀರು ನುಗ್ಗುವುದು ಮೈಯಿಂದಲ್ಲ, ಅಂಚಿನಲ್ಲಿ ತೆರೆದಿರುವ ನಾರಿನ ಬಾಯಿಗಳಿಂದ.

ಕೆರೆಯ ಆಡಳಿತ ಯಾರದೋ ಅವರ ಅನುಮತಿಯನ್ನು ಪಡೆದು, ಮೊದಲ ದಿನ ಸೊಂಟದಷ್ಟು ನೀರಿರುವ ಕಡೆ ಮಾತ್ರ ದೋಣಿಯನ್ನು ಇಳಿಸಬೇಕು. ಜನರಿಗೆ ಬದಲಾಗಿ ತಲಾ 20 ಕಿಲೋ ಮರಳಿನ ಆರು ಚೀಲಗಳನ್ನು ಒಳಗಿಟ್ಟು, ನೀರು ಮುಟ್ಟಿದ ಮಟ್ಟಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಲೆಕ್ಕದೊಡನೆ ಹೋಲಿಸಿ. ಬಳಿಕ ಮರಳನ್ನು ಇಳಿಸಿ, ಬೇಕೆಂದೇ ದೋಣಿಯನ್ನು ಮಗುಚಿ, ನೀರು ತುಂಬಿಸಿ, ಇಬ್ಬರು ಹತ್ತಿ ಕುಳಿತು ಬಕೆಟ್ಟಿನಿಂದ ನೀರನ್ನು ಹೊರಚೆಲ್ಲಿ ನೋಡಬೇಕು. ಕೊನೆಗೆ ದಡಕ್ಕೆ ತಂದು ಗಾಳಿಕೋಣೆಗಳ ಬಿರಡೆಗಳನ್ನು ಬಿಚ್ಚಿರಿ. ಒಳಗಿನಿಂದ ಒಂದು ಲೋಟದಷ್ಟು ನೀರು ಬಂದರೂ, ಸೋರುವ ಸಂದನ್ನು ಹುಡುಕಿ, ಒಣಗಿಸಿ, ಮತ್ತೆ ಪಟ್ಟಿ ಹಾಕಿದ ಮೇಲೆಯೇ ಎರಡನೆಯ ಸಲ ನೀರಿಗಿಳಿಸತಕ್ಕದ್ದು.